ನೀಲಿ ಡ್ರಮ್ಮಿನ ಪೂರ್ವಾಶ್ರಮ

ತೆಲ್ಲಾಪುರದಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಹಿಂದೆ ಇನ್ನೊಂದು ಅಪಾರ್ಟ್‌ಮೆಂಟ್ ಏಳುತ್ತಿದೆ. ಹೈದರಾಬಾದಿನ ಪಶ್ಚಿಮ ಭಾಗದಲ್ಲಿ ಇದೇನೂ ಸುದ್ದಿಯಲ್ಲ. ಇಲ್ಲಿ ಕಿಟಕಿ ತೆರೆದರೆ ಕ್ರೇನ್ ಕಾಣದ ಮನೆ ಸಿಗುವುದೇ ಕಷ್ಟ. ಆದರೆ ಆ ಕಟ್ಟಡದ ಬುಡದಲ್ಲಿರುವ ತಗಡಿನ ಶೆಡ್ಡುಗಳಿಂದ ಬೆಳಿಗ್ಗೆ ಆರಕ್ಕೆ ಕೇಳಿಬರುವ ಮಾತು ತೆಲುಗಲ್ಲ, ಹಿಂದಿಯೂ ಅಲ್ಲ. ‘ಏಳಲೇ, ನೀರ್ ಬಂದಾವು’ ಎನ್ನುವ ನಮ್ಮ ಸುರಪುರ, ಶಹಾಪುರ ಕಡೆಯ ಕನ್ನಡ. ರಾಯಚೂರಿನವನಾದ ನನಗೆ ಆ ದನಿ ಅಲಾರಂಗಿಂತ ಹಿತ.

ಬಂದ ನೀರು ಟ್ಯಾಂಕರಿನದು. ಅದನ್ನು ತುಂಬಿಟ್ಟುಕೊಳ್ಳುವುದು ಶೆಡ್ಡಿನ ಮುಂದೆ ಸಾಲಾಗಿ ನಿಂತ ನೀಲಿ ಪ್ಲಾಸ್ಟಿಕ್ ಡ್ರಮ್ಮುಗಳಲ್ಲಿ. ಎದೆಮಟ್ಟದ ಎತ್ತರ, ಇನ್ನೂರು ಲೀಟರಿನಷ್ಟು ಹಿಡಿಯುತ್ತವೆ. ಹೈದರಾಬಾದಿನಲ್ಲಿ ನಾಲ್ಕು ದಿನ ಇದ್ದವರಿಗೂ ಇವು ಗೊತ್ತು. ಬಸ್ತಿಗಳ ಬಾಗಿಲಲ್ಲಿ, ಟೀ ಅಂಗಡಿಗಳ ಹಿಂದೆ, ಮದುವೆ ಅಡುಗೆಯ ಶಾಮಿಯಾನದ ಕೆಳಗೆ ಇವೇ ಇರುತ್ತವೆ. ಮೇಲ್ಭಾಗವನ್ನು ಗರಗಸದಿಂದ ಕೊಯ್ದು ಬಾಯಿ ಅಗಲ ಮಾಡಿದ್ದರೆ ಆ ಡ್ರಮ್ಮಿಗೊಂದು ಪೂರ್ವಾಶ್ರಮ ಇತ್ತು ಎಂದೇ ಅರ್ಥ.

ಒಂದು ಭಾನುವಾರ ಮಗಳಿಗೆ ಗಿಡ್ಡವಾದ ಬಟ್ಟೆಗಳನ್ನು ಕೊಡಲು ಅಲ್ಲಿಗೆ ಹೋಗಿದ್ದೆ. ಮೂರನೇ ಶೆಡ್ಡಿನ ಮುಂದಿನ ಡ್ರಮ್ಮಿನ ಮೇಲೆ ಅರ್ಧ ಕಿತ್ತುಹೋದ ಒಂದು ಲೇಬಲ್ ಇತ್ತು. ಒಳಗೆ ಏನಿತ್ತು ಎಂಬ ಹೆಸರು ಹೋಗಿತ್ತು. ಉಳಿದದ್ದು ಕೆಂಪು ಅಂಚಿನ ಒಂದು ಚೌಕ, ಅದರೊಳಗೆ ಎದೆಯ ಮೇಲೆ ನಕ್ಷತ್ರದಂತೆ ಒಡೆದ ಗುರುತಿರುವ ಮನುಷ್ಯನ ಕಪ್ಪು ಆಕೃತಿ. ರಾಸಾಯನಿಕಗಳ ಜೊತೆ ಕೆಲಸ ಮಾಡುವವರಿಗೆ ಆ ಚಿತ್ರದ ಅರ್ಥ ಬಾಯಿಪಾಠ. ಒಳಗಿರುವ ವಸ್ತು ಕ್ಯಾನ್ಸರ್‌ಗೆ ಕಾರಣವಾಗಬಹುದು, ಇಲ್ಲವೇ ಗರ್ಭಕ್ಕೆ, ಇಲ್ಲವೇ ದೀರ್ಘಕಾಲದಲ್ಲಿ ಯಾವುದೋ ಅಂಗಕ್ಕೆ ಹಾನಿ ಮಾಡಬಹುದು ಎಂಬ ಎಚ್ಚರಿಕೆ ಅದು.

‘ಅಕ್ಕಾ, ಈ ಡ್ರಮ್ ಎಲ್ಲಿಂದ ತಂದ್ರಿ?’

‘ಮೇಸ್ತ್ರಿ ಕೊಡಿಸ್ಯಾನ್ರಿ ಅಣ್ಣಾ. ಚಲೋ ಗಟ್ಟಿ ಅದ. ಮೂರ್ ಸಲ ಸರ್ಫ್ ಹಾಕಿ ತಿಕ್ಕೀನಿ. ಈಗ ನಾತ ಇಲ್ಲ.’

‘ಮೊದಲ ಇತ್ತೇನು?’

‘ಮೊದಲ ಇತ್ತು ನೋಡ್ರಿ. ಔಷಧಿ ನಾತ.’

ನಾನು ಕೆಲಸ ಮಾಡುವುದು ಒಂದು ಔಷಧ ಕಂಪನಿಯ ಪ್ರಯೋಗಾಲಯದಲ್ಲಿ. ಹನ್ನೊಂದು ವರ್ಷದಿಂದ ನನ್ನ ಕೆಲಸ ಔಷಧವನ್ನು ಪರೀಕ್ಷಿಸುವುದಲ್ಲ, ಔಷಧ ತುಂಬುವ ಬಾಟಲಿಯನ್ನು ಪರೀಕ್ಷಿಸುವುದು. ಪ್ಲಾಸ್ಟಿಕ್ಕಿನಿಂದ ಏನೇನು ಹೊರಬಂದು ಔಷಧದೊಳಗೆ ಸೇರುತ್ತದೆ ಎಂದು ಹುಡುಕುವುದು. ಅಮೆರಿಕಕ್ಕೆ ಹೋಗುವ ಒಂದು ಕಣ್ಣಿನ ಡ್ರಾಪ್ಸ್ ಬಾಟಲಿಗೆ ತಿಂಗಳುಗಟ್ಟಲೆ ಈ ಕೆಲಸ ನಡೆಯುತ್ತದೆ. ಬಾಟಲಿಯನ್ನು ಕತ್ತರಿಸಿ, ಬೇರೆ ಬೇರೆ ದ್ರಾವಣಗಳಲ್ಲಿ ಬೇಯಿಸಿ, ಹೊರಬಂದ ಒಂದೊಂದು ಅಣುವಿಗೂ ಹೆಸರು ಹುಡುಕಿ, ವಿಷತಜ್ಞರಿಂದ ಸಹಿ ಹಾಕಿಸಿಕೊಳ್ಳಬೇಕು. ಲೇಬಲ್ ಅಂಟಿಸುವ ಗೋಂದು ಪ್ಲಾಸ್ಟಿಕ್ ದಾಟಿ ಒಳಗೆ ಇಳಿಯುತ್ತದೆಯೇ ಎಂದು ಕೂಡ ನೋಡುತ್ತೇವೆ. ಇಷ್ಟೆಲ್ಲ ಮಾಡಿ ಸಂಜೆ ಮನೆಗೆ ಬಂದರೆ, ನಮ್ಮೂರ ಕಡೆಯ ಹೆಣ್ಣುಮಗಳೊಬ್ಬಳು ಅಂಥದೇ ಯಾವುದೋ ಕಾರ್ಖಾನೆಯ ಹಿಂಬಾಗಿಲಿನಿಂದ ಬಂದ ಡ್ರಮ್ಮಿನಲ್ಲಿ ಚೊಂಬು ಅದ್ದಿ ಮಗುವಿಗೆ ನೀರು ಕುಡಿಸುತ್ತಿದ್ದಾಳೆ.

ಸರ್ಫ್ ಹಾಕಿ ತಿಕ್ಕಿದರೆ ಸಾಲದೇ ಎಂದು ನೀವೂ ಕೇಳಬಹುದು. ಉತ್ತರ ನಿಮ್ಮ ಅಡುಗೆಮನೆಯಲ್ಲೇ ಇದೆ. ಊರಿಂದ ಅವ್ವ ಕಳಿಸಿದ ಮಾವಿನಕಾಯಿ ಉಪ್ಪಿನಕಾಯಿ ಮುಗಿದ ಮೇಲೆ ಆ ಪ್ಲಾಸ್ಟಿಕ್ ಡಬ್ಬಿಯನ್ನು ಎಷ್ಟು ಸಲ ತೊಳೆದಿದ್ದೀರಿ? ಮುಚ್ಚಳ ಹಾಕಿ ಎರಡು ದಿನ ಬಿಟ್ಟು ತೆಗೆದರೆ ಇಂಗು, ಮೆಂತ್ಯದ ಘಮ ಮತ್ತೆ ಹಾಜರ್. ಅದೇ ಗಾಜಿನ ಭರಣಿಯಲ್ಲಿ ಒಂದೇ ತೊಳೆತಕ್ಕೆ ಹೋಗುತ್ತದೆ. ಪ್ಲಾಸ್ಟಿಕ್ ಗಾಜಿನಂತೆ ಬರೀ ಗೋಡೆಯಲ್ಲ. ಅದರ ಅಣುಗಳ ಉದ್ದನೆಯ ಎಳೆಗಳ ನಡುವೆ ಸಂದುಗಳಿರುತ್ತವೆ. ಎಣ್ಣೆ, ದ್ರಾವಕ, ವಾಸನೆ ಅಲ್ಲಿ ನುಗ್ಗಿ ಕೂರುತ್ತವೆ. ಸಾಬೂನು ಮೇಲ್ಮೈಯನ್ನು ತೊಳೆಯುತ್ತದೆ, ಒಳಗೆ ಕೂತದ್ದನ್ನಲ್ಲ. ಆಮೇಲೆ ನೀರು ತುಂಬಿ ಬಿಸಿಲಿಗೆ ಇಟ್ಟರೆ, ಒಳಗಿದ್ದದ್ದು ದಿನಗಟ್ಟಲೆ ನಿಧಾನವಾಗಿ ಹೊರಗೆ ಬರುತ್ತದೆ. ಮೂಗಿಗೆ ಗೊತ್ತಾಗದಷ್ಟು ಕಡಿಮೆಯಾದ ಮಾತ್ರಕ್ಕೆ ಅದು ಇಲ್ಲ ಎಂದಲ್ಲ.

ಹಾಗಾದರೆ ಕಾನೂನು ಇಲ್ಲವೇ? ಇದೆ. ಒಂದಲ್ಲ, ನಾಲ್ಕಾರು ಇವೆ. ನಾನು ಈ ಬರಹಕ್ಕೆ ಕೂತದ್ದೇ ಅದನ್ನು ಹೇಳಲು.

ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐನ, ಪ್ಯಾಕೇಜಿಂಗ್ ನಿಯಮಾವಳಿ 2018ರದು. 2019ರ ಜುಲೈ 1ರಿಂದ ಜಾರಿಯಲ್ಲಿದೆ. ಆಹಾರಕ್ಕೆ ತಾಗುವ ಪ್ಲಾಸ್ಟಿಕ್ಕಿನಿಂದ ಒಟ್ಟಾರೆ ಹೊರಬರುವ ವಸ್ತು ಪ್ರತಿ ಕಿಲೋಗೆ 60 ಮಿಲಿಗ್ರಾಂ ಮೀರಬಾರದು ಎನ್ನುತ್ತದೆ ಅದು. ಬೇರಿಯಂ, ಕೋಬಾಲ್ಟ್, ಸತುವಿನಂಥ ಕೆಲವು ಲೋಹಗಳಿಗೆ ಪ್ರತ್ಯೇಕ ಮಿತಿಯೂ ಇದೆ. ಯಾವ ಪ್ಲಾಸ್ಟಿಕ್ ಆಗಬಹುದು ಎಂಬುದಕ್ಕೆ ಭಾರತೀಯ ಮಾನಕ ಬ್ಯೂರೋದ ಪಟ್ಟಿ ಇದೆ: ಪಾಲಿಎಥಿಲೀನ್‌ಗೆ ಐಎಸ್ 10146, ಪಾಲಿಪ್ರೊಪಿಲೀನ್‌ಗೆ ಐಎಸ್ 10910, ಪೆಟ್‌ಗೆ ಐಎಸ್ 12252. ತಾರಸಿಯ ಮೇಲಿನ ಕಪ್ಪು ಟ್ಯಾಂಕಿಗೆ ಐಎಸ್ 12701. ಹೊರಬರುವುದನ್ನು ಅಳೆಯುವ ವಿಧಾನಕ್ಕೆ ಐಎಸ್ 9845. ನೀರು, ದುರ್ಬಲ ಆಮ್ಲ, ಆಲ್ಕೋಹಾಲ್, ಎಣ್ಣೆಯ ಬದಲಿಗೆ ಹೆಪ್ಟೇನ್, ಇವುಗಳಲ್ಲಿ ಪ್ಲಾಸ್ಟಿಕ್ಕನ್ನು ನೆನೆಸಿಡುತ್ತಾರೆ. ಬಹುಕಾಲ ಇಡುವ ಪದಾರ್ಥಕ್ಕಾದರೆ 40 ಡಿಗ್ರಿಯಲ್ಲಿ 10 ದಿನ, ಬಿಸಿಯಾಗಿ ತುಂಬುವುದಕ್ಕಾದರೆ 70 ಡಿಗ್ರಿಯಲ್ಲಿ 2 ಗಂಟೆ. ಆಮೇಲೆ ಆ ದ್ರಾವಣವನ್ನು ಪೂರ್ತಿ ಇಂಗಿಸಿ, ತಳದಲ್ಲಿ ಉಳಿದದ್ದನ್ನು ತೂಗುತ್ತಾರೆ.

ಈ ಕೊನೆಯ ವಾಕ್ಯದ ಬಳಿ ಸ್ವಲ್ಪ ನಿಲ್ಲಬೇಕು. ಇಂಗಿಸುವಾಗ ಬೇಗ ಆವಿಯಾಗುವ ದ್ರಾವಕಗಳು ಗಾಳಿಗೆ ಹೋಗಿಬಿಡುತ್ತವೆ. ಉಳಿದದ್ದರ ತೂಕ ಗೊತ್ತಾಗುತ್ತದೆಯೇ ಹೊರತು ಅದು ಏನು ಎಂದು ಗೊತ್ತಾಗುವುದಿಲ್ಲ. ಹೊಸ ಡಬ್ಬಿಯ ಗುಣಮಟ್ಟ ಅಳೆಯಲು ಈ ಪರೀಕ್ಷೆ ಸಾಕು, ನನಗೆ ತಕರಾರಿಲ್ಲ. ಔಷಧ ಕಾರ್ಖಾನೆಯ ದ್ರಾವಕ ಕುಡಿದು ಕೂತ ಡ್ರಮ್ಮನ್ನು ಇದೇ ಪರೀಕ್ಷೆಗೆ ಹಾಕಿದರೆ ಅದು ಸಲೀಸಾಗಿ ಪಾಸಾಗಬಹುದು.

ಆದರೆ ಆ ಡ್ರಮ್ಮನ್ನು ಯಾರೂ ಪರೀಕ್ಷೆಗೆ ಹಾಕುವುದೇ ಇಲ್ಲ ಎಂಬುದು ಅದಕ್ಕಿಂತ ದೊಡ್ಡ ಮಾತು. ಮೇಲಿನ ಎಲ್ಲ ನಿಯಮಗಳೂ ಕಾರ್ಖಾನೆಯಿಂದ ಹೊರಬೀಳುವ ಹೊಸ ಪ್ಲಾಸ್ಟಿಕ್ಕಿಗೆ. ಅಂದರೆ ಹುಟ್ಟಿಗೆ. ಇನ್ನೊಂದು ಕಡೆ ಸಾವಿಗೂ ಕಾನೂನು ಇದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಮೊದಲ ಪಟ್ಟಿಯಲ್ಲಿ 33.1ನೇ ನಮೂದು ನೋಡಿ. ಅಪಾಯಕಾರಿ ರಾಸಾಯನಿಕ ಅಂಟಿಕೊಂಡ ಖಾಲಿ ಬ್ಯಾರೆಲ್, ಡಬ್ಬಿ, ಲೈನರ್‌ಗಳೇ ಅಪಾಯಕಾರಿ ತ್ಯಾಜ್ಯ ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಅಂಥ ಡ್ರಮ್ಮು ಕಾರ್ಖಾನೆಯ ಗೇಟು ದಾಟಬೇಕಾದರೆ ಫಾರಂ 10 ಎಂಬ ರಹದಾರಿ ಬೇಕು. ಅನುಮತಿ ಪಡೆದವರ ಬಳಿಗೇ ಹೋಗಬೇಕು. ಅಲ್ಲಿ ಅದನ್ನು ಶುದ್ಧೀಕರಿಸಬೇಕು.

ಹುಟ್ಟಿಗೊಂದು ಇಲಾಖೆ, ಸಾವಿಗೊಂದು ಇಲಾಖೆ. ನಡುವಿನ ಬದುಕಿಗೆ? ಶುದ್ಧೀಕರಣ ಆಯಿತು ಎಂದು ಕಾಗದದಲ್ಲಿ ಬಂದ ಮೇಲೆ ಅದು ತ್ಯಾಜ್ಯವಲ್ಲ, ಬರೀ ಹಳೇ ಡ್ರಮ್ಮು. ಹಳೇ ಡ್ರಮ್ಮು ಆಹಾರದ ಪ್ಯಾಕೇಜಿಂಗೂ ಅಲ್ಲ. ಹಾಗಾಗಿ ಅದನ್ನು ಕೊಂಡು ಕುಡಿಯುವ ನೀರು ತುಂಬಿದರೆ ಮಾಲಿನ್ಯ ನಿಯಂತ್ರಣ ಮಂಡಳಿಯ ಕೆಲಸ ಮುಗಿದಿರುತ್ತದೆ, ಎಫ್‌ಎಸ್‌ಎಸ್‌ಎಐ ಕೆಲಸ ಶುರುವಾಗಿರುವುದಿಲ್ಲ, ಜಲಮಂಡಳಿಯ ಹೊಣೆ ನಲ್ಲಿಯ ಮೀಟರಿಗೇ ನಿಂತಿರುತ್ತದೆ. ಹಾಗಂತ ಎಲ್ಲ ನೀಲಿ ಡ್ರಮ್ಮೂ ವಿಷ ಎನ್ನುತ್ತಿಲ್ಲ. ಗ್ಲೂಕೋಸ್ ಪಾಕ, ಖಾದ್ಯ ತೈಲ ತಂದ ಡ್ರಮ್ಮುಗಳೂ ಅವೇ ಅಂಗಡಿಗಳಲ್ಲಿ ಇರುತ್ತವೆ. ಯಾವುದು ಯಾವುದೆಂದು ಹೇಳುವ ಗುರುತಿಲ್ಲ ಎಂಬುದೇ ಸಮಸ್ಯೆ. ಇದ್ದ ಒಂದು ಗುರುತು ಲೇಬಲ್. ಮಾರುವವನು ಮೊದಲು ಕೀಳುವುದು ಅದನ್ನೇ.

ನಮ್ಮ ಕಂಪನಿಯ ಸ್ಟೋರ್ಸ್ ಮೇಲ್ವಿಚಾರಕರನ್ನು ಕೇಳಿದೆ, ನಮ್ಮ ಡ್ರಮ್ಮುಗಳು ಎಲ್ಲಿಗೆ ಹೋಗುತ್ತವೆ ಎಂದು. ಅವರು ಕಡತ ತೆಗೆದು ರಹದಾರಿಗಳ ಪ್ರತಿ ತೋರಿಸಿದರು. ಎಲ್ಲ ಕ್ರಮಬದ್ಧವಾಗಿತ್ತು. ‘ಅಲ್ಲಿಂದ ಮುಂದೆ?’ ಎಂದೆ. ‘ಅಲ್ಲಿಂದ ಮುಂದೆ ನಮ್ಮದಲ್ಲ ಸರ್’ ಎಂದರು. ಅವರು ಸುಳ್ಳು ಹೇಳಲಿಲ್ಲ. ಕಾನೂನೂ ಅಷ್ಟೇ ಹೇಳುತ್ತದೆ.

ಶೆಡ್ಡಿನ ನೀರನ್ನು ನಾನೇ ಪರೀಕ್ಷಿಸಬಹುದಿತ್ತಲ್ಲ ಎನ್ನಬೇಡಿ. ಕೋಟಿ ಬೆಲೆಯ ಯಂತ್ರಗಳ ನಡುವೆ ದಿನಕ್ಕೆ ಒಂಬತ್ತು ಗಂಟೆ ಇರುತ್ತೇನೆ. ಆದರೆ ಪುಸ್ತಕದಲ್ಲಿ ದಾಖಲಾಗದ ಒಂದು ಹನಿಯನ್ನೂ ಅದರೊಳಗೆ ಬಿಡುವಂತಿಲ್ಲ. ನಾಳೆ ತಪಾಸಣೆಗೆ ಬಂದವರು ಈ ಸ್ಯಾಂಪಲ್ ಯಾವುದು ಎಂದು ಕೇಳಿದರೆ ನನ್ನ ಕೆಲಸವೇ ಹೋಗುತ್ತದೆ. ಊರಿನಲ್ಲಿ ಪರೀಕ್ಷಾಲಯಗಳಿಗೇನೂ ಬರವಿಲ್ಲ. ತಾರ್ನಾಕದ ಆಸುಪಾಸಿನಲ್ಲಿ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆ ಇದೆ, ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆ ಇದೆ. ಚೆರ್ಲಪಲ್ಲಿಯಲ್ಲಿ ಪ್ಲಾಸ್ಟಿಕ್ ತಂತ್ರಜ್ಞಾನದ್ದೇ ಆದ ಸಿಪೆಟ್ ಇದೆ. ನಮ್ಮ ಮೈಸೂರಿನಲ್ಲಿ ಸಿಎಫ್‌ಟಿಆರ್‌ಐ ಇದೆ. ಬಲ್ಲವರು ಇಷ್ಟೊಂದು ಇರುವ ಊರಿನಲ್ಲಿ ಒಂದು ಡ್ರಮ್ಮಿನ ನೀರು ಯಾರ ಮೇಜಿಗೂ ಬರುವುದಿಲ್ಲ. ಕಳಿಸುವ ಹೊಣೆ ಯಾರದೂ ಅಲ್ಲವಲ್ಲ.

ಇನ್ನೊಂದು ವಿಚಿತ್ರ ನೋಡಿ. ನಮ್ಮಲ್ಲಿ ಮರುಬಳಕೆಯ ಪ್ಲಾಸ್ಟಿಕ್ಕನ್ನು ಆಹಾರಕ್ಕೆ ಬಳಸುವುದು ಬಹುಕಾಲ ನಿಷಿದ್ಧವಾಗಿತ್ತು. ಈಗ ಪೆಟ್ ಬಾಟಲಿಗಳಿಗೆ ಎಫ್‌ಎಸ್‌ಎಸ್‌ಎಐ ಒಪ್ಪಿಗೆಯ ದಾರಿ ತೆರೆದಿದೆ. 2022ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮಗಳ ಪ್ರಕಾರ ಗಟ್ಟಿ ಪ್ಲಾಸ್ಟಿಕ್ ಪ್ಯಾಕೇಜಿಂಗಿನಲ್ಲಿ 2025–26ರಿಂದ ಶೇ 30ರಷ್ಟು, 2028–29ರ ಹೊತ್ತಿಗೆ ಶೇ 60ರಷ್ಟು ಮರುಬಳಕೆಯ ಅಂಶ ಇರಬೇಕು ಎಂಬ ಗುರಿಯೂ ಇದೆ. ಹಳೇ ಬಾಟಲಿ ಹೊಸ ಬಾಟಲಿಯಾಗುವ ಈ ದಾರಿಗೆ ಅಮೆರಿಕದ ಎಫ್‌ಡಿಎ ಇಟ್ಟಿರುವ ಅಗ್ನಿಪರೀಕ್ಷೆ ಸ್ವಾರಸ್ಯಕರ. ಪ್ಲಾಸ್ಟಿಕ್ ಚೂರುಗಳಿಗೆ ಬೇಕಂತಲೇ ಟಾಲ್ಯೂಯಿನ್, ಕ್ಲೋರೋಫಾರ್ಮ್‌ನಂಥವನ್ನು ಕುಡಿಸಿ, ತಮ್ಮ ಯಂತ್ರ ಅದನ್ನು ಹೊರತೆಗೆಯಬಲ್ಲದು ಎಂದು ತಯಾರಕರು ತೋರಿಸಬೇಕು. ಯಾರೋ ಒಬ್ಬರು ಬಾಟಲಿಯಲ್ಲಿ ಥಿನ್ನರ್ ಇಟ್ಟಿದ್ದಿರಬಹುದು ಎಂಬ ಊಹೆಯ ಮೇಲೆ ಇಷ್ಟು ಕಟ್ಟುನಿಟ್ಟು. ನಿಜವಾಗಿ ದ್ರಾವಕವನ್ನೇ ಹೊತ್ತು ಬಂದ ಡ್ರಮ್ಮಿಗೆ ಗರಗಸ ಮತ್ತು ಸರ್ಫ್.

ಇದನ್ನೆಲ್ಲ ಬಡವರ ಶೆಡ್ಡಿನ ಕತೆ ಎಂದು ಓದಬೇಡಿ. ಐದನೇ ಮಹಡಿಯ ನಮ್ಮ ಮನೆಯಲ್ಲೂ ನೀರು ಬರುವುದು 20 ಲೀಟರಿನ ಕ್ಯಾನಿನಲ್ಲೇ. ಕಳೆದ ತಿಂಗಳು ಕ್ಯಾನನ್ನು ತಲೆಕೆಳಗೆ ಮಾಡಿ ತಳ ನೋಡಿದೆ. ತ್ರಿಕೋನದೊಳಗೆ 7, ಕೆಳಗೆ ಪಾಲಿಕಾರ್ಬನೇಟ್‌ನ ಗುರುತು. ಅಚ್ಚಿನಲ್ಲಿ ಮೂಡಿದ ತಯಾರಿಕೆಯ ವರ್ಷ ಇತ್ತು, ನನ್ನ ಮಗಳಿಗಿಂತ ಹಿರಿಯ ಕ್ಯಾನು. ಎಲ್ಲಿಯವರೆಗೆ ಬಳಸಬಹುದು ಎಂದು ಎಲ್ಲೂ ಇರಲಿಲ್ಲ. ಮೈತುಂಬ ಗೀರು. ಒಳಗೆ ತುಂಬುವ ನೀರಿಗೆ ಐಎಸ್ 14543 ಎಂಬ ಮಾನದಂಡ ಇದೆ. 2024ರ ನವೆಂಬರಿನಲ್ಲಿ ಎಫ್‌ಎಸ್‌ಎಸ್‌ಎಐ ಬಾಟಲಿ ನೀರನ್ನು ಹೆಚ್ಚು ಅಪಾಯದ ಆಹಾರಗಳ ಗುಂಪಿಗೆ ಸೇರಿಸಿ ಘಟಕಗಳಿಗೆ ವಾರ್ಷಿಕ ತಪಾಸಣೆಯನ್ನೂ ಹೇಳಿದೆ. ಬೇಕಾದ್ದೇ. ಕರ್ನಾಟಕದ ಆಹಾರ ಸುರಕ್ಷತಾ ಇಲಾಖೆ 2025ರಲ್ಲಿ ಪರೀಕ್ಷಿಸಿದ 255 ಬಾಟಲಿ ನೀರಿನ ಮಾದರಿಗಳಲ್ಲಿ 95 ಅಸುರಕ್ಷಿತ, 88 ಕಳಪೆ, ಸರಿಯಿದ್ದದ್ದು 72 ಮಾತ್ರ. ಆದರೆ ಆ ಕ್ಯಾನು ಎಷ್ಟು ಸಲ ತುಂಬಿದೆ, ಎಷ್ಟು ಬೇಸಿಗೆ ಆಟೋ ಟ್ರಾಲಿಯ ಮೇಲೆ ಕಳೆದಿದೆ ಎಂಬ ಲೆಕ್ಕ ಮತ್ತೆ ಯಾರ ಬಳಿಯೂ ಇಲ್ಲ.

ಪಾಲಿಕಾರ್ಬನೇಟ್ ತಯಾರಾಗುವುದೇ ಬಿಸ್ಫಿನಾಲ್ ಎ, ಅಂದರೆ ಬಿಪಿಎ ಎಂಬ ವಸ್ತುವಿನಿಂದ. ದೇಹದ ಈಸ್ಟ್ರೋಜನ್ ಹಾರ್ಮೋನನ್ನು ಅದು ಅನುಕರಿಸುತ್ತದೆ. ಬಿಸಿ, ಕ್ಷಾರೀಯ ಸಾಬೂನು, ಗೀರು ಇವೆಲ್ಲ ಅದು ಹೊರಬರುವುದನ್ನು ಹೆಚ್ಚಿಸುತ್ತವೆ. 2009ರಲ್ಲಿ ಹಾರ್ವರ್ಡ್‌ನವರು 77 ವಿದ್ಯಾರ್ಥಿಗಳಿಗೆ ಒಂದು ವಾರ ಪಾಲಿಕಾರ್ಬನೇಟ್ ಬಾಟಲಿಯಲ್ಲಿ ತಣ್ಣನೆಯ ಪಾನೀಯ ಕುಡಿಸಿ ನೋಡಿದರು. ಮೂತ್ರದಲ್ಲಿ ಬಿಪಿಎ ಶೇ 69ರಷ್ಟು ಏರಿತ್ತು. ಯುರೋಪಿನ ಆಹಾರ ಪ್ರಾಧಿಕಾರ 2023ರಲ್ಲಿ ಬಿಪಿಎಯ ದೈನಂದಿನ ಸುರಕ್ಷಿತ ಮಿತಿಯನ್ನು 20 ಸಾವಿರ ಪಟ್ಟು ಇಳಿಸಿತು. ಜರ್ಮನಿಯ ಅಪಾಯ ಮೌಲ್ಯಮಾಪನ ಸಂಸ್ಥೆ ಇಷ್ಟು ಇಳಿಸುವುದು ಅತಿಯಾಯಿತು ಎಂದು ತಕರಾರು ತೆಗೆಯಿತು. ವಿಜ್ಞಾನಿಗಳ ಜಗಳ ಮುಗಿದಿಲ್ಲ ನಿಜ, ಆದರೆ ಜರ್ಮನಿಯವರು ಹೇಳಿದ ಮಿತಿಯೂ ಹಳೆಯದಕ್ಕಿಂತ 20 ಪಟ್ಟು ಕಡಿಮೆ. ಯುರೋಪಿಯನ್ ಒಕ್ಕೂಟ 2024ರ ಡಿಸೆಂಬರ್ 19ರಂದು ಆಹಾರಕ್ಕೆ ತಾಗುವ ವಸ್ತುಗಳಲ್ಲಿ ಬಿಪಿಎಯನ್ನೇ ನಿಷೇಧಿಸಿತು. ಹೆಚ್ಚಿನ ವಸ್ತುಗಳಿಗೆ ಗಡುವು 2026ರ ಜುಲೈ 20. ನಮ್ಮಲ್ಲಿ ಮಕ್ಕಳ ಹಾಲಿನ ಬಾಟಲಿಗೆ ಬಿಪಿಎ ಕೂಡದು ಎಂಬ ನಿಯಮ ಬಂದಿದೆ. ಹಾಲು ಬಿಟ್ಟ ಮಗು ಮರುದಿನದಿಂದ ಕ್ಯಾನಿನ ನೀರಿಗೆ ಬರುತ್ತದೆ.

ಈ ನಡುವೆ ಜಾಹೀರಾತುಗಳದ್ದು ಬೇರೆಯೇ ಲೋಕ. ‘ಬಿಪಿಎ ರಹಿತ’ ಎಂದು ಪಾಲಿಎಥಿಲೀನ್ ಟ್ಯಾಂಕಿನ ಮೇಲೆ ದೊಡ್ಡದಾಗಿ ಬರೆದಿರುತ್ತಾರೆ. ಪಾಲಿಎಥಿಲೀನ್ ತಯಾರಿಕೆಗೆ ಬಿಪಿಎ ಬೇಕಾಗುವುದೇ ಇಲ್ಲ. ಬದನೆಕಾಯಿಗೆ ‘ಇದರಲ್ಲಿ ಮೊಟ್ಟೆ ಇಲ್ಲ’ ಎಂದು ಚೀಟಿ ಅಂಟಿಸಿದ ಹಾಗೆ. ತಳದ ತ್ರಿಕೋನದ ಅಂಕಿಯೂ ಅಷ್ಟೆ. ಅದು ಪ್ಲಾಸ್ಟಿಕ್ಕಿನ ಜಾತಿ ಹೇಳುತ್ತದೆ, ನಡತೆ ಹೇಳುವುದಿಲ್ಲ.

ನಡತೆಯನ್ನು ನಿರ್ಧರಿಸುವುದು ಹೆಚ್ಚಾಗಿ ಬಿಸಿ. ಪೆಟ್ ಬಾಟಲಿ ತಯಾರಿಕೆಯಲ್ಲಿ ಆಂಟಿಮನಿ ಬಳಸುತ್ತಾರೆ, ಅದರ ಚೂರು ಬಾಟಲಿಯಲ್ಲಿ ಉಳಿದಿರುತ್ತದೆ. ನಮ್ಮಂತೆಯೇ ಬಿಸಿಲ ನಾಡಾದ ಅರಿಝೋನಾದ ವಿಶ್ವವಿದ್ಯಾಲಯದವರು 2008ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ: ಬಾಟಲಿಯ ನೀರಿನಲ್ಲಿ ಆಂಟಿಮನಿ ಅಮೆರಿಕದ ಕುಡಿಯುವ ನೀರಿನ ಮಿತಿ ದಾಟಲು 60 ಡಿಗ್ರಿಯಲ್ಲಿ 176 ದಿನ ಬೇಕು, 70ರಲ್ಲಿ 12 ದಿನ, 80ರಲ್ಲಿ ಎರಡೂಕಾಲು ದಿನ. ಮನೆಯ ನೆರಳಿನಲ್ಲಿಟ್ಟ ಬಾಟಲಿಗೆ ಹೆದರಬೇಕಿಲ್ಲ ಎಂಬುದೂ ಇದರಲ್ಲಿದೆ. ಅದೇ ಬಾಟಲಿಗೆ ಕುದಿವ ನೀರು ಸುರಿಯುವುದು ಬೇರೆ ಆಟ ಎಂಬುದೂ ಇದೆ.

ಹೈದರಾಬಾದಿನಲ್ಲಿ ಒಂಟಿಯಾಗಿರುವ ಕನ್ನಡದ ಹುಡುಗ ಹುಡುಗಿಯರಿಗೆ ಕರ್ರಿ ಪಾಯಿಂಟ್ ಗೊತ್ತಿರಲೇಬೇಕು. ಮನೆಯಲ್ಲಿ ಅನ್ನವೊಂದನ್ನು ಇಟ್ಟುಕೊಂಡು ಸಂಜೆ ಬೀದಿ ಬದಿಗೆ ಹೋದರೆ ಪಪ್ಪು, ಸಾಂಬಾರು, ಪುಳುಸು, ವೇಪುಡು ಎಲ್ಲ ಸಿಗುತ್ತದೆ. ನಾನೂ ಮದುವೆಗೆ ಮುಂಚೆ ಮೂರು ವರ್ಷ ಅದರಲ್ಲೇ ಬದುಕಿದವನು. ಹೊಗೆಯಾಡುವ ಸಾಂಬಾರನ್ನು ತೆಳುವಾದ ಪಾಲಿಥೀನ್ ಚೀಲಕ್ಕೆ ಸುರಿದು, ಗಾಳಿ ತುಂಬಿ ಉಬ್ಬಿಸಿ, ದಾರದಿಂದ ಒಂದು ಸುತ್ತು ಬಿಗಿದು ಕೊಡುವ ಆ ಕೈಚಳಕವೇ ಚೆಂದ. ಬಿಸಿ, ಹುಳಿ, ಎಣ್ಣೆ. ಪ್ಲಾಸ್ಟಿಕ್ಕಿನಿಂದ ಏನನ್ನಾದರೂ ಹೊರಗೆಳೆಯಲು ಪ್ರಯೋಗಾಲಯದಲ್ಲಿ ನಾವು ಬಳಸುವ ಮೂರೂ ಅಸ್ತ್ರಗಳು ಒಂದೇ ಚೀಲದಲ್ಲಿ. ಇರಾನಿ ಚಹಾ ಪಾರ್ಸೆಲ್ಲೂ ಇದೇ ಚೀಲದಲ್ಲಿ.

ಇದಕ್ಕೆ ಕಾನೂನು ಎಂದಾಗ ಎಲ್ಲರೂ ಹೇಳುವುದು ಮೈಕ್ರಾನ್. ಕೈಚೀಲ 2021ರ ಸೆಪ್ಟೆಂಬರ್ 30ರಿಂದ 75 ಮೈಕ್ರಾನ್, 2022ರ ಡಿಸೆಂಬರ್ 31ರಿಂದ 120 ಮೈಕ್ರಾನ್ ದಪ್ಪ ಇರಬೇಕು. ಮೈಕ್ರಾನ್ ನಿಯಮ ಹುಟ್ಟಿದ್ದು ಚರಂಡಿ ಕಟ್ಟಬಾರದು, ದನ ತಿನ್ನಬಾರದು ಎಂದು. ಸಾಂಬಾರಿನ ಬಗ್ಗೆ ಅದಕ್ಕೆ ಏನೂ ಗೊತ್ತಿಲ್ಲ. ಅಧಿಕಾರಿ ಅಂಗಡಿಗೆ ಬಂದು ದಪ್ಪ ಅಳೆದು ಹೋಗುತ್ತಾನೆ, ಸಾಂಬಾರಿನ ಬಿಸಿ ಅಳೆಯುವುದಿಲ್ಲ.

ಆ ದೃಷ್ಟಿಯಿಂದ 2025ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ನಡೆದದ್ದು ಸಣ್ಣದಲ್ಲ. ಇಡ್ಲಿ ತಟ್ಟೆಗೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸಿ ಬೇಯಿಸುತ್ತಾರೆ ಎಂಬ ದೂರು ಬಂದು, ಇಲಾಖೆ 251 ಕಡೆ ಮಾದರಿ ತೆಗೆದು ನೋಡಿದರೆ 52 ಕಡೆ ಹಾಗೇ ನಡೆಯುತ್ತಿತ್ತು. ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅದನ್ನು ನಿಷೇಧಿಸುವುದಾಗಿ ಹೇಳಿದರು. ಆಗ ನಮ್ಮ ಆಫೀಸಿನಲ್ಲಿ ತೆಲುಗು ಗೆಳೆಯರು ‘ನಿಮ್ಮ ಇಡ್ಲಿಯಲ್ಲೂ ಪ್ಲಾಸ್ಟಿಕ್ಕಾ’ ಎಂದು ನಗಾಡಿದರು, ನಾನೂ ನಕ್ಕೆ. ಆದರೆ ಯಾವ ಪ್ಲಾಸ್ಟಿಕ್ಕು, ಎಷ್ಟು ದಪ್ಪ ಎಂಬ ಪ್ರಶ್ನೆ ಬಿಟ್ಟು ಸರ್ಕಾರವೊಂದು ‘ಅದನ್ನಿಟ್ಟುಕೊಂಡು ನೀವು ಏನು ಮಾಡುತ್ತಿದ್ದೀರಿ’ ಎಂದು ಅಡುಗೆಮನೆಗೇ ಬಂದು ಕೇಳಿದ ಅಪರೂಪದ ಸಂದರ್ಭ ಅದು. ಆಹಾರ ಸುರಕ್ಷತಾ ಕಾಯ್ದೆಯ 30ನೇ ಸೆಕ್ಷನ್ ರಾಜ್ಯದ ಆಯುಕ್ತರಿಗೆ ಒಂದು ಪದಾರ್ಥದ ತಯಾರಿಕೆ, ಸಂಗ್ರಹ, ಮಾರಾಟವನ್ನು ಒಂದು ವರ್ಷದವರೆಗೆ ನಿಷೇಧಿಸುವ ಅಧಿಕಾರ ಕೊಡುತ್ತದೆ. ಕುದಿವ ಸಾಂಬಾರನ್ನು ಪಾಲಿಥೀನ್ ಚೀಲಕ್ಕೆ ಸುರಿಯುವುದರ ಮೇಲೆ ತೆಲಂಗಾಣ ಅದನ್ನು ಪ್ರಯೋಗಿಸಿ ನೋಡಬಹುದು. 2024ರಿಂದ ಇಲ್ಲಿನ ಆಹಾರ ಸುರಕ್ಷತಾ ಕಾರ್ಯಪಡೆ ದೊಡ್ಡ ದೊಡ್ಡ ಹೋಟೆಲುಗಳ ಅಡುಗೆಮನೆಗೆ ನುಗ್ಗಿದ್ದನ್ನು ಕಂಡಿದ್ದೇವೆ. ಮನಸ್ಸು ಮಾಡಿದರೆ ಆಗುತ್ತದೆ.

ಡ್ರಮ್ಮಿನದು ಇದಕ್ಕಿಂತ ಸುಲಭ ಎಂದೇ ನನ್ನ ಅನಿಸಿಕೆ. ಅಪಾಯಕಾರಿ ರಾಸಾಯನಿಕ ತಂದ ಡ್ರಮ್ಮಿಗೆ ಶುದ್ಧೀಕರಣದ ನಂತರವೂ ತಳದಲ್ಲಿ ದೊಡ್ಡ ತೂತು ಕೊರೆದೇ ಹೊರಗೆ ಬಿಡಬೇಕು, ಇಲ್ಲವೇ ಚೂರು ಮಾಡಬೇಕು ಎಂಬ ಒಂದು ಸಾಲಿನ ಷರತ್ತು ಸಾಕು. ತೂತಾದ ಡ್ರಮ್ಮಿನಲ್ಲಿ ಯಾರೂ ನೀರು ತುಂಬುವುದಿಲ್ಲ. ಮತ್ತೆ ರಾಸಾಯನಿಕಕ್ಕೇ ಬಳಸುವಂಥವಕ್ಕೆ ಕೀಳಲಾಗದಂತೆ ಮೈಮೇಲೆ ಅಚ್ಚೊತ್ತಿದ ಗುರುತು ಇರಲಿ. ಮರುಮಾರಾಟದ ಬೆಲೆ ಹೋಗುತ್ತದೆ ಎಂದು ಕಾರ್ಖಾನೆಗಳು ಗೊಣಗಬಹುದು. ಆ ಬೆಲೆಯನ್ನು ಈಗ ಯಾರು ತೆರುತ್ತಿದ್ದಾರೆ ಎಂಬುದಕ್ಕೆ ನಮ್ಮ ಹಿಂಬದಿಯ ಶೆಡ್ಡು ನೋಡಿದರೆ ಸಾಕು. ಇಂಥದ್ದು ಆಗಿಯೇ ಇಲ್ಲ ಎಂದಲ್ಲ. ಪಿವಿಸಿ ನೀರಿನ ಪೈಪುಗಳಲ್ಲಿ ಸೀಸ ಬಳಸುವುದು ವರ್ಷಗಟ್ಟಲೆ ನಡೆದು, ಹಸಿರು ನ್ಯಾಯಮಂಡಳಿಯವರೆಗೆ ಹೋಗಿ, ಕೊನೆಗೆ 2021ರಲ್ಲಿ ಅದನ್ನು ತೆಗೆಸುವ ನಿಯಮ ಬಂತು.

ಹೀಗೆ ಬರೆಯುವಾಗಲೂ ಒಂದು ಮಾತು ಒಳಗೆ ಕೊರೆಯುತ್ತದೆ. ಡ್ರಮ್ಮು ಬೇಕಾದದ್ದು ಯಾಕೆ? ನೀರು ದಿನಾ ಬಾರದಿರುವುದಕ್ಕೆ. 1908ರ ಮೂಸಿ ಪ್ರವಾಹದ ಮೇಲೆ ನಿಜಾಮರು ಕರೆಸಿದ್ದು ನಮ್ಮ ವಿಶ್ವೇಶ್ವರಯ್ಯನವರನ್ನು. ಅವರ ಯೋಜನೆಯಿಂದ ಬಂದ ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಪ್ರವಾಹ ತಡೆದವು, ಊರಿಗೆ ನೀರೂ ಕೊಟ್ಟವು. ನೂರು ವರ್ಷದ ಮೇಲೆ, ಕೃಷ್ಣೆ, ಗೋದಾವರಿ, ಮಂಜೀರಾ ಎಲ್ಲವೂ ಪೈಪಿನಲ್ಲಿ ಬರುವ ಈ ಊರಿನ ಎಷ್ಟೋ ಬಡಾವಣೆಗಳಿಗೆ ನೀರು ದಿನ ಬಿಟ್ಟು ದಿನ. ಕಟ್ಟಡದ ಸೈಟಿಗಂತೂ ಟ್ಯಾಂಕರೇ ಗತಿ. ದಿನವಿಡೀ ನಲ್ಲಿಯಲ್ಲಿ ನೀರಿದ್ದರೆ ಯಾರೂ ಇನ್ನೂರು ಲೀಟರನ್ನು ಬಿಸಿಲಲ್ಲಿ ನಿಲ್ಲಿಸಿಟ್ಟುಕೊಳ್ಳುವುದಿಲ್ಲ.

ಕಟ್ಟಡ ಕಾರ್ಮಿಕರಿಗೆ ಕುಡಿಯುವ ನೀರು ಕೊಡುವುದು ಮಾಲೀಕರ ಹೊಣೆ ಎಂದು 1996ರ ಕಾಯ್ದೆಯ 32ನೇ ಸೆಕ್ಷನ್ ಹೇಳಿತ್ತು. ಅಷ್ಟೇ ಅಲ್ಲ, ನೀರಿನ ಜಾಗದಲ್ಲಿ ‘ಕುಡಿಯುವ ನೀರು’ ಎಂದು ಅಲ್ಲಿನ ಹೆಚ್ಚಿನ ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲಿ ಬರೆದಿರಬೇಕು ಎಂದೂ ಹೇಳಿತ್ತು. ಅಂದರೆ ತೆಲ್ಲಾಪುರದ ಈ ಸೈಟಿನಲ್ಲಿ ಕಾನೂನಿನ ಪ್ರಕಾರ ಕನ್ನಡದ ಬೋರ್ಡು ಇರಬೇಕಿತ್ತು. ಆ ಕಾಯ್ದೆ ಈಗ ಹೊಸ ಕಾರ್ಮಿಕ ಸಂಹಿತೆಯೊಳಗೆ ಸೇರಿಹೋಗಿದೆ. ಬೋರ್ಡು ಮೊದಲೂ ಇರಲಿಲ್ಲ. ಇಲ್ಲಿನ ನಮ್ಮ ಕನ್ನಡ ಬಳಗಗಳು ರಾಜ್ಯೋತ್ಸವಕ್ಕೆ ಕಲಾವಿದರನ್ನು ಕರೆಸುವ ಜೊತೆಗೆ ಇಂಥ ಸೈಟುಗಳಿಗೂ ಒಮ್ಮೆ ಹೋಗಿ ಬರಬಹುದು. ಭಾಷೆ ಗೊತ್ತಿರುವುದರಿಂದ ನಮಗೆ ಒಳಗೆ ಬಿಡುತ್ತಾರೆ. ಲೇಬಲ್ ಓದಲು ಬರುವುದರಿಂದ ನಮಗೆ ಕೆಲಸವೂ ಇದೆ.

ನಾನು ಮಾಡಿದ್ದು ಸಣ್ಣದು. ಐಎಸ್‌ಐ ಗುರುತಿನ ಹೊಸದೊಂದು ನೀರಿನ ಟಾಕಿ, ಮುಚ್ಚಳ ಇರುವಂಥದ್ದು, ತಂದುಕೊಟ್ಟೆ. ಹಳೆಯದನ್ನು ಒಡೆದುಹಾಕುತ್ತೇನೆಂದರೆ ಆ ಅಕ್ಕ ಒಪ್ಪಲಿಲ್ಲ. ಅದಕ್ಕೆ ಮೇಸ್ತ್ರಿ ಪಗಾರದಲ್ಲಿ ರೊಕ್ಕ ಹಿಡಿದುಕೊಂಡಿದ್ದನಂತೆ. ಬಟ್ಟೆ ಒಗೆಯಲು ಇಟ್ಟುಕೊಳ್ಳುತ್ತೇನೆ, ಕುಡಿಯಲು ಹೊಸದೇ ಎಂದು ಮಾತಾಯಿತು.

ಕಳೆದ ವಾರ ಅವರ ಗುಂಪು ಕೊಲ್ಲೂರು ಕಡೆಯ ಇನ್ನೊಂದು ಸೈಟಿಗೆ ಹೊರಟಿತು. ಟ್ರ್ಯಾಕ್ಟರ್ ಟ್ರಾಲಿಯಲ್ಲಿ ಎರಡೂ ಇದ್ದವು. ಹೊಸ ಟಾಕಿಯನ್ನು ಇಬ್ಬರು ಎತ್ತಿ ಇಡಬೇಕಾಯಿತು. ಅಷ್ಟು ಭಾರ ಏನಿದೆ ಎಂದು ಕೇಳಿದೆ.

‘ಜ್ವಾಳ ಅದಾವ್ರಿ ಅಣ್ಣಾ’ ಎಂದರು ಆ ಅಕ್ಕ. ‘ಶೆಡ್ಡಿನ್ಯಾಗ ಇಲಿ ಕಾಟ ಭಾಳ. ನೀರಿಗೇನು ಇಲಿ ಬರಂಗಿಲ್ಲಲ್ರಿ.’